ಗಾಜಿನ ಪಾಟಿಯೂ ಮನೆಯ ಬರವಣಿಗೆಯೂ

ಅಂಕೋಲೆಯಿಂದ ಕಾರವಾರದ ಕಡೆಗೆ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಂಚರಿಸುವವರಿಗೆ ನಮ್ಮ ಹಟ್ಟಿಕೇರಿಯು ಒಂದು ಸುಂಕದ ಕಟ್ಟೆಯ ಹೆಸರಾಗಿ ಮಾತ್ರ ಪರಿಚಿತವಾಗಿದೆ. ವಾಹನವು ಅಲ್ಲಿ ಅರೆಗಳಿಗೆ ನಿಂತು ಮುಂದೆ ಸಾಗುತ್ತದೆ. ಒಳಗೆ ಕುಳಿತವರು ಊರನ್ನು ನೋಡುವುದಿಲ್ಲ. ಊರೊಳಗೆ ಗದ್ದೆಯುಂಟು, ತೆಂಗಿನ ತೋಟವುಂಟು, ಸಮೀಪದಲ್ಲಿಯೇ ಬೇಲೆಕೇರಿಯ ಕಡಲುಂಟು. ಕಡಲ ಮೇಲಿಂದ ಬೀಸಿ ಬರುವ ಉಪ್ಪುಗಾಳಿಯೂ ಉಂಟು. ಈ ಗಾಳಿಯ ಮಾತನ್ನು ಮೊದಲಿಗೇ ಎತ್ತಲು ಕಾರಣವಿದೆ. ನಮ್ಮ ಮನೆಯ ಬಾಗಿಲ ಚಿಲಕವನ್ನೂ ಹೊಲಿಗೆಯ ಯಂತ್ರವನ್ನೂ ತಿಂದ ಆ ಗಾಳಿಯೇ ನನ್ನ ಲ್ಯಾಪ್‌ಟಾಪನ್ನೂ ತಿಂದಿತು.

ನಾನು ಶಾಲಾ ಶಿಕ್ಷಕನಾಗಿದ್ದು ನಿವೃತ್ತನಾದವನು. 2013ರಲ್ಲಿ ಕೊಂಡ ಆ ಯಂತ್ರದಲ್ಲಿ ಬೇರೆ ಯಾವ ದೊಡ್ಡ ಕೆಲಸವನ್ನೂ ನಾನು ಮಾಡಿದವನಲ್ಲ. ನನ್ನ ಅಕ್ಕನಿಗೆ ಈಗ ಎಂಬತ್ತನಾಲ್ಕು ವರ್ಷ. ಮದುವೆಯ ಮನೆಯಲ್ಲಿ ಅರಿಸಿನ ಅರೆಯುವಾಗಿನದು, ಹೆಣ್ಣು ಒಪ್ಪಿಸುವಾಗಿನದು, ತುಳಸಿಯ ಹಬ್ಬದ್ದು, ಸುಗ್ಗಿಯದು ಎಂದು ಅವಳ ಬಾಯಲ್ಲಿ ಹಾಡುಗಳು ಬಹಳವಿದ್ದವು. ಅವಳು ಅಕ್ಷರ ಕಲಿತವಳಲ್ಲ. ಬೇಸಗೆಯ ಮಧ್ಯಾಹ್ನಗಳಲ್ಲಿ ಅವಳು ಹೇಳುವುದು, ನಾನು ಬರೆದುಕೊಳ್ಳುವುದು, ರಾತ್ರಿ ಯಂತ್ರದಲ್ಲಿ ಕೂಡಿಸುವುದು. ಹೀಗೆ ಹತ್ತು ವರ್ಷಗಳಲ್ಲಿ 41 ಹಾಡುಗಳಾದುವು. ಯಂತ್ರದಲ್ಲಿ ಸೇರಿದ ಮೇಲೆ ಕಾಗದವನ್ನು ಇಟ್ಟುಕೊಳ್ಳಲಿಲ್ಲ. ಈ ಅವಿವೇಕಕ್ಕೆ ನಾನೇ ಹೊಣೆಗಾರನು.

2024ರ ಮಳೆಗಾಲದ ಮೊದಲಲ್ಲಿ ಯಂತ್ರವು ಒಂದು ಬೆಳಿಗ್ಗೆ ಕಣ್ಣು ತೆರೆಯಲಿಲ್ಲ. ದುರಸ್ತಿಗೆಂದು ಕುಮಟೆಗೆ ಕಳುಹಿಸಿದೆನು. ಅಷ್ಟರಲ್ಲಿ ಜುಲೈ 16ರಂದು ಶಿರೂರಿನಲ್ಲಿ ಗುಡ್ಡವು ಕುಸಿದು ಹೆದ್ದಾರಿಯ ಮೇಲೆಯೂ ಗಂಗಾವಳಿಯೊಳಕ್ಕೂ ಬಿದ್ದ ಸಂಗತಿಯನ್ನು ವಾಚಕರು ಮರೆತಿರಲಾರರು. ಮನುಷ್ಯರ ಪ್ರಾಣಗಳೇ ಹೋದ ಆ ದಿನಗಳಲ್ಲಿ ಒಂದು ಯಂತ್ರದ ಚಿಂತೆಯನ್ನು ಬಾಯಿಬಿಟ್ಟು ಆಡುವುದಕ್ಕೆ ನಾಚಿಕೆಯಾಗುತ್ತಿತ್ತು. ದಾರಿ ತೆರೆದ ಮೇಲೆ ಹೋಗಿ ಕೇಳಿದಾಗ ದುರಸ್ತಿಯವನು ಒಳಗಿನ ಹಲಗೆಯನ್ನು ತೋರಿಸಿದನು. ತಾಮ್ರದ ಗೆರೆಗಳ ಮೇಲೆಲ್ಲ ಹಸಿರು ಕಿಲುಬು. "ಇದು ಏಳುವುದಿಲ್ಲ, ಒಳಗಿನ ದಾಖಲೆಗಳು ಉಳಿದಿವೆ" ಎಂದು ಹೇಳಿ, ಅವನ್ನು ಒಂದು ಬೆರಳುದ್ದದ ಪೆನ್‌ಡ್ರೈವಿನಲ್ಲಿ ತುಂಬಿಸಿಕೊಟ್ಟನು.

ಮತ್ತೊಂದು ಲ್ಯಾಪ್‌ಟಾಪನ್ನು ಕೊಳ್ಳುವುದೋ, ಟ್ಯಾಬ್ಲೆಟ್ ಎಂದು ಅಂಗಡಿಯವರು ಕರೆಯುವ ಗಾಜಿನ ಪಾಟಿಯನ್ನು ಕೊಂಡು ಅದಕ್ಕೆ ಕೀಲಿಮಣೆಯುಳ್ಳ ಹೊದಿಕೆಯನ್ನು ತೊಡಿಸುವುದೋ ಎಂಬ ಚರ್ಚೆ ಮನೆಯಲ್ಲಿ ನಡೆಯಿತು. ನಮ್ಮ ಬಾಲ್ಯದಲ್ಲಿ ಶಾಲೆಗೆ ಒಯ್ದ ಕಲ್ಲಿನ ಪಾಟಿಯಷ್ಟೇ ಅಗಲವಾದ ವಸ್ತುವಾದುದರಿಂದ ನಾನು ಅದನ್ನು ಪಾಟಿಯೆಂದೇ ಕರೆಯುತ್ತೇನೆ. ಅದರಲ್ಲಿ ತಿರುಗುವ ಪಂಖವಿಲ್ಲ, ಗಾಳಿಯಾಡುವ ಕಿಂಡಿಯಿಲ್ಲ. ಉಪ್ಪುಗಾಳಿಗೂ ಇರುವೆಗಳಿಗೂ ಒಳಹೊಗಲು ಹಾದಿಯೇ ಕಡಿಮೆ. ಸಣ್ಣ ಲ್ಯಾಪ್‌ಟಾಪು ವಿದ್ಯುತ್ತನ್ನು ತುಂಬಿಕೊಳ್ಳಲು 45ರಿಂದ 65 ವಾಟಿನ ಸಾಧನವನ್ನು ಬೇಡಿದರೆ, ಪಾಟಿಗೆ 15, 20 ವಾಟು ಸಾಕು. ಮಳೆಗಾಲದಲ್ಲಿ ಮರ ಬಿದ್ದು ಒಂದೆರಡು ದಿನ ದೀಪವಿಲ್ಲದಾಗ, ದೂರವಾಣಿಗೆಂದು ಇಟ್ಟುಕೊಂಡ ಪವರ್‌ಬ್ಯಾಂಕಿನಿಂದಲೇ ಇದನ್ನೂ ನಡೆಸಬಹುದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಕರಾವಳಿಯಲ್ಲಿ ಇದು ಸಣ್ಣ ಗುಣವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕೀಲಿಮಣೆಯನ್ನು ಕಳಚಿ ಪಾಟಿಯನ್ನಷ್ಟೇ ಅಕ್ಕನ ಮಂಚದ ಬಳಿಗೆ ಒಯ್ಯಬಹುದು. ಅವಳ ದನಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಆ ವರ್ಷದ ದೀಪಾವಳಿಗೆ ಪಾಟಿಯೇ ಮನೆಗೆ ಬಂದಿತು.

ಕೀಲಿಮಣೆಯಿಲ್ಲದೆ ಹುಟ್ಟಿದ ಈ ವಸ್ತುವಿಗೆ ಮತ್ತೆ ಕೀಲಿಮಣೆ ಅಂಟಿಕೊಂಡ ಕಥೆಯು ವಿನೋದವಾಗಿದೆ. ಅಮೆರಿಕೆಯ ಆಲನ್ ಕೇ ಎಂಬ ವಿದ್ವಾಂಸರು 1972ರಲ್ಲಿಯೇ ಮಕ್ಕಳ ಕೈಯಲ್ಲಿ ಹಿಡಿಸುವ ಪುಸ್ತಕದಂಥ ಗಣಕವೊಂದನ್ನು ಕಲ್ಪಿಸಿ, ಅದಕ್ಕೆ ಡೈನಾಬುಕ್ ಎಂದು ಹೆಸರಿಟ್ಟಿದ್ದರು. ಅವರು ಬರೆದ ಚಿತ್ರದಲ್ಲಿ ತೆರೆಯ ಕೆಳಗೆ ಕೀಲಿಗಳಿದ್ದವು. ನಮ್ಮ ಕರ್ನಾಟಕವೂ ಈ ದಾರಿಯಲ್ಲಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿನಯ್ ಮೊದಲಾದವರು ಸೇರಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿದರು. ಸಾಮಾನ್ಯ ಜನರಿಗೆ, ಅಕ್ಷರ ಬಾರದವರಿಗೂ ಸಹ, ದೇಶಭಾಷೆಗಳಲ್ಲಿ ಒದಗಬೇಕೆಂಬುದು ಅದರ ಉದ್ದೇಶವಾಗಿತ್ತು. 2004ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಆದರೆ ಮನೆಮನೆಗೆ ಮುಟ್ಟಲಿಲ್ಲ. ಅನಂತರ 2010ರಲ್ಲಿ ಆಪಲ್ ಸಂಸ್ಥೆಯವರ ಐಪ್ಯಾಡು ಬಂದಿತು. ಬೆರಳೇ ಸಾಕೆಂದು ಸಾರಿದ ಆ ವಸ್ತುವಿಗೂ ಅದೇ ವರ್ಷ ಅದೇ ಸಂಸ್ಥೆಯವರು ಕೀಲಿಮಣೆಯುಳ್ಳ ಪೀಠವೊಂದನ್ನು ಮಾರಿದರು! 2012ರಲ್ಲಿ ಮೈಕ್ರೋಸಾಫ್ಟಿನವರು ಹೊದಿಕೆಯೇ ಕೀಲಿಮಣೆಯಾಗಿರುವ ಸರ್ಫೇಸನ್ನು ತಂದರು; 2015ರಲ್ಲಿ ಐಪ್ಯಾಡಿನ ದೊಡ್ಡಣ್ಣನಿಗೂ ಅಂಥದೇ ಹೊದಿಕೆ ದೊರೆಯಿತು. ನಾಲ್ಕು ಸಾಲಿಗೆ ಬೆರಳು ಸಾಕು. ನಾಲ್ಕು ಪುಟಕ್ಕೆ ಕೀಲಿ ಬೇಕು ಎಂಬುದು ಎಲ್ಲರಿಗೂ ಅನುಭವದಿಂದ ತಿಳಿದಂತೆ ತೋರುತ್ತದೆ.

ಇನ್ನು ನನ್ನ ಅನುಭವವನ್ನು ಹೇಳುತ್ತೇನೆ. ಪಾಟಿಯನ್ನು ಹೊದಿಕೆಗೆ ಸಿಕ್ಕಿಸಿ, ಮೇಜಿನ ಮೇಲಿಟ್ಟು, ಮೊದಲ ಕೀಲಿಯನ್ನು ಒತ್ತಿದೆನು. ಆಂಗ್ಲ ಅಕ್ಷರ ಮೂಡಿತು. ಗಾಜಿನ ಮೇಲೆ ಕಾಣುವ ಕೀಲಿಮಣೆಯಲ್ಲಿ ಬೆರಳಾಡಿಸಿದರೆ ಕನ್ನಡವು ಸೊಗಸಾಗಿ ಬರುತ್ತದೆ. ಹೊರಗಿನ ಕೀಲಿಯನ್ನು ಒತ್ತಿದರೆ ಮಾತ್ರ ಆಂಗ್ಲವೇ. ಒಂಬತ್ತು ದಿನ ಹೀಗೆಯೇ ಕಳೆಯಿತು. ಹಣ ಕೊಟ್ಟು ಕೊಂಡ ಕೀಲಿಮಣೆಯು ನನ್ನ ಭಾಷೆಗೆ ಮೂಕವಾಗಿದೆಯೆಂಬ ವಿಷಾದವನ್ನು ಯಾರಲ್ಲಿ ಹೇಳಿಕೊಳ್ಳುವುದು? ಅಂಗಡಿಯವರನ್ನು ಕೇಳಿದರೆ, ಇದುವರೆಗೆ ಯಾರೂ ಈ ಪ್ರಶ್ನೆಯನ್ನು ಕೇಳಿಲ್ಲವೆಂದರು. ಕೊನೆಗೆ ಮೊಮ್ಮಗಳು, ಹೊರಗಿನ ಕೀಲಿಗಳನ್ನೂ ಒಪ್ಪಿಕೊಳ್ಳುವ ಬೇರೊಂದು ಲಿಪಿತಂತ್ರಾಂಶವನ್ನು ಹುಡುಕಿ ಅದರಲ್ಲಿ ಸ್ಥಾಪಿಸಿದಳು. ಅಲ್ಲಿಂದ ಮುಂದೆ ಕೈ ತಾನಾಗಿ ಓಡಿತು.

ಕೈ ಓಡುವುದೆಂಬ ಮಾತಿಗೆ ಇಲ್ಲಿ ವಿಶೇಷ ಅರ್ಥವಿದೆ. ನನ್ನ ಬೆರಳುಗಳು ಕಲಿತಿರುವುದು ಕಿನ್ನಿಕಂಬಳ ಪದ್ಮನಾಭ ರಾವ್, ಅರ್ಥಾತ್ ಕೆ. ಪಿ. ರಾವ್ ಅವರು ಯೋಜಿಸಿದ ವಿನ್ಯಾಸವನ್ನು. ನುಡಿ ತಂತ್ರಾಂಶವನ್ನು ಬಳಸಿದವರೆಲ್ಲರಿಗೂ ಅದರ ಪರಿಚಯವುಂಟು. ಬೆರಳಚ್ಚಿನ ಯಂತ್ರದ ಕಾಲದಲ್ಲಿ ಒತ್ತಕ್ಷರಗಳಿಗೂ ಗುಣಿತದ ಗುರುತುಗಳಿಗೂ ಬೇರೆಬೇರೆ ಕೀಲಿಗಳನ್ನು ನೆನಪಿಡಬೇಕಾಗಿತ್ತು. ರಾಯರ ವಿನ್ಯಾಸದಲ್ಲಿ ಆಂಗ್ಲದ ಇಪ್ಪತ್ತಾರು ಕೀಲಿಗಳೇ ಸಾಕು; ನಾವು ಉಚ್ಚರಿಸುವ ಕ್ರಮದಲ್ಲಿಯೇ ಒತ್ತುತ್ತ ಹೋಗಬೇಕು. 'ಸ್ತ್ರೀ' ಎಂದು ಬರೆಯಬೇಕಾದರೆ ಎಸ್, ಎಫ್, ಟಿ, ಎಫ್, ಆರ್, ಕಡೆಗೆ ದೊಡ್ಡಕ್ಷರದ ಐ. ನಡುವಿನ ಎಫ್ ಎಂಬುದು ವ್ಯಂಜನಗಳನ್ನು ಬೆಸೆಯುವ ಕೊಂಡಿ. ಇದನ್ನು ಒಮ್ಮೆ ಕಲಿತ ಬೆರಳಿಗೆ ಬೇರೆ ವಿನ್ಯಾಸವು ಒಗ್ಗುವುದಿಲ್ಲ. ಆದುದರಿಂದ ಗೃಹಸ್ಥರು ಅಂಗಡಿಯಲ್ಲಿ ಹಣವನ್ನು ಎಣಿಸಿ ಕೊಡುವ ಮೊದಲು, ಆ ಹೊದಿಕೆಯ ಕೀಲಿಗಳಿಂದಲೇ 'ಸ್ತ್ರೀ' ಎಂದು ಬರೆದು ತೋರಿಸುವಂತೆ ಕೇಳತಕ್ಕದ್ದು. ವಿಂಡೋಸಿನಿಂದ ನಡೆಯುವ ಪಾಟಿಗಳಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸವು ಮೊದಲೇ ಅಡಕವಾಗಿರುವುದರಿಂದ ಅಲ್ಲಿ ಈ ತೊಡಕು ಕಡಿಮೆ. ಉಳಿದವುಗಳಲ್ಲಿ ಪರೀಕ್ಷಿಸಿಯೇ ನೋಡಬೇಕು.

ಬಾಯಲ್ಲಿ ಹೇಳಿದರೆ ಯಂತ್ರವೇ ಬರೆದುಕೊಳ್ಳುವುದಲ್ಲ, ಕೀಲಿಯೇಕೆ ಎಂದು ಕೆಲವರು ಕೇಳಿಯಾರು. ಗೂಗಲಿನವರು 2017ರಲ್ಲಿ ಕನ್ನಡಕ್ಕೂ ಆ ಸೌಕರ್ಯವನ್ನು ಒದಗಿಸಿದರೆಂಬುದು ನಿಜ. ನಾನು ಪತ್ರಗಳಿಗೆ ಅದನ್ನು ಬಳಸುವುದೂ ಉಂಟು. ಆದರೆ ಅಕ್ಕನ ಮಾತು ಪುಸ್ತಕದ ಕನ್ನಡವಲ್ಲ. ಅವಳು ಹಾಡಿದುದನ್ನು ಯಂತ್ರಕ್ಕೆ ಕೇಳಿಸಿದಾಗ ಅರಿಸಿನದ ಹಾಡು ಅರಸನ ಹಾಡಾಯಿತು, ಮುಂದಿನ ಸಾಲಿನಲ್ಲಿ ಯಾವುದೋ ಬ್ಯಾಂಕಿನ ಹೆಸರು ಬಂದಿತು. ಅಕ್ಕನಿಗೆ ಇದನ್ನು ಓದಿ ಹೇಳಿದೆನು. ನಕ್ಕುನಕ್ಕು ಅವಳಿಗೆ ಕೆಮ್ಮು ಹತ್ತಿತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದುದು ಪೆನ್‌ಡ್ರೈವನ್ನು ತೆರೆದಾಗ. 41 ಹಾಡುಗಳ ಕಡತಗಳೂ ಇದ್ದವು, ಒಂದರಲ್ಲಿಯೂ ಕನ್ನಡವಿರಲಿಲ್ಲ. 'ಕನ್ನಡ' ಎಂಬ ಮೂರಕ್ಷರವಿರಬೇಕಾದ ಕಡೆ ಆಂಗ್ಲದ ಪಿ, ತಲೆಯ ಮೇಲೆ ಗೀಟುಳ್ಳ ಎ, ಬ್ರಿಟಿಷರ ಪೌಂಡಿನ ಗುರುತು, ಜರ್ಮನರ ಯಾವುದೋ ಅಕ್ಷರ, ಹೀಗೆ ಪರದೇಶಗಳ ಸಂತೆಯೇ ನೆರೆದಿತ್ತು. ಹತ್ತು ವರ್ಷಗಳ ಕೆಲಸವು ಕಣ್ಣೆದುರಿಗೇ ಇದ್ದೂ ಇಲ್ಲದಂತಾಯಿತು. ಅಕ್ಕನಿಂದ ಮತ್ತೆ ಹೇಳಿಸಿಕೊಳ್ಳೋಣವೆಂದರೆ, ಈ ಎರಡು ವರ್ಷಗಳಲ್ಲಿ ಅವಳ ನೆನಪು ಮಾಸಿದೆ. ಹಾಡಿನ ಮೊದಲು ಸಿಕ್ಕರೆ ಕೊನೆ ಸಿಕ್ಕದು.

ಕಾರಣವನ್ನು ಆಮೇಲೆ ತಿಳಿದುಕೊಂಡೆನು. ಹಳೆಯ ನುಡಿ, ಬರಹಗಳಲ್ಲಿ ಬರೆದಿಟ್ಟ ಲೆಕ್ಕಪತ್ರ, ಕುಲವೃತ್ತಾಂತಗಳುಳ್ಳ ಮನೆಗಳು ಎಷ್ಟೋ ಇರುವುದರಿಂದ ಇಲ್ಲಿ ಸ್ವಲ್ಪ ವಿವರಿಸುತ್ತೇನೆ. ಗಣಕವು ಅಕ್ಷರವನ್ನು ಅಕ್ಷರವಾಗಿ ಅರಿಯದು, ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಆಂಗ್ಲದ ಪಿ ಎಂಬುದು ಅದಕ್ಕೆ 80. ಕನ್ನಡಕ್ಕೆ ಸ್ವಂತ ಸಂಖ್ಯೆಗಳು ಬಳಕೆಗೆ ಬಾರದಿದ್ದ ಕಾಲದಲ್ಲಿ ನಮ್ಮವರು ಒಂದು ಜಾಣ್ಮೆಯನ್ನು ಮಾಡಿದರು. ಆಂಗ್ಲದ ಆಸನಗಳ ಮೇಲೆ ಕನ್ನಡದ ತುಂಡುಗಳನ್ನು ಕೂರಿಸಿದರು. 80 ಎಂದಲ್ಲಿ ಪಿ ಕಾಣಿಸದೆ ಕಕಾರದ ಮೈ ಕಾಣಿಸುವಂತೆ ಅಚ್ಚುಗಳನ್ನು ಕೊರೆದರು. ಆ ಅಚ್ಚುಗಳುಳ್ಳ ಯಂತ್ರದಲ್ಲಿ ಕನ್ನಡ ಕಾಣುವುದು. ಇಲ್ಲದ ಯಂತ್ರದಲ್ಲಿ ಮೇಲುಹೊದಿಕೆ ಜಾರಿ ಪಿಯೇ ಕಾಣುವುದು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆ ದೊರೆಯಿತು. ಕಕಾರದ ಸಂಖ್ಯೆ 3221. ಅದು ಜಗತ್ತಿನ ಯಾವ ಯಂತ್ರದಲ್ಲಿಯೂ ಕಕಾರವೇ. ನಾನು 2014ರಲ್ಲಿ ಬರೆಯತೊಡಗಿದಾಗಲೂ ಹಳೆಯ ಅಭ್ಯಾಸದಿಂದ ಹಳೆಯ ಅಚ್ಚನ್ನೇ ಹಿಡಿದಿದ್ದೆನು. ಪಾಟಿಯ ತಪ್ಪು ಇದರಲ್ಲಿ ಏನೂ ಇಲ್ಲ. ಹೊಸ ಲ್ಯಾಪ್‌ಟಾಪನ್ನು ಕೊಂಡಿದ್ದರೂ, ಹಳೆಯ ಅಚ್ಚನ್ನು ಅದರಲ್ಲಿ ಹೂಡುವ ತನಕ ಇದೇ ಸಂತೆ ಕಾಣುತ್ತಿತ್ತು. ಆದರೆ ಅಲ್ಲಿ ಆ ಅಚ್ಚನ್ನು ಹೂಡುವುದು ಸುಲಭ, ಪಾಟಿಯಲ್ಲಿ ಸುಲಭವಲ್ಲ. ಈ ಭೇದವನ್ನು ಮರೆಯಬಾರದು.

ಮೊಮ್ಮಗಳು ಅಂಕೋಲೆಯಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಹಳೆಯ ಅಚ್ಚನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳಿರುವುದನ್ನು ಅವಳು ತಿಳಿದುಬಂದು, ಗೆಳತಿಯ ಲ್ಯಾಪ್‌ಟಾಪಿನಲ್ಲಿ ಎರಡು ಸಂಜೆ ಕುಳಿತು 41ನ್ನೂ ಪರಿವರ್ತಿಸಿದಳು. ಅರ್ಕಾವತ್ತು ಬಂದಲ್ಲೆಲ್ಲ ಅಕ್ಷರಗಳು ಹಿಂದುಮುಂದಾಗಿವೆ. ಒತ್ತುಗಳು ಅಲ್ಲಲ್ಲಿ ಜಾರಿವೆ. ಅದನ್ನು ತಿದ್ದುವ ಕೆಲಸ ನನ್ನದು.

ಈ ಹುಡುಗಿಯ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕು. ಅಜ್ಜನಿಗೆ ಸಾಲುವ ಪಾಟಿ ಅವಳಿಗೆ ಸಾಲುವುದಿಲ್ಲ. ವಾಣಿಜ್ಯದ ವಿದ್ಯಾರ್ಥಿಗಳು ಕಲಿಯುವ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶವು ವಿಂಡೋಸಿನಲ್ಲಿ ಮಾತ್ರ ಸ್ಥಾಪಿತವಾಗುತ್ತದೆ. ದೊಡ್ಡ ಲೆಕ್ಕದ ಹಾಳೆಗಳನ್ನು ಪಾಟಿಯಲ್ಲಿ ತೆರೆಯಬಹುದು; ತೆರೆದು ದುಡಿಯುವುದು ಪ್ರಯಾಸ. ಇಂಜಿನಿಯರಿಂಗಿಗೆ ಹೋಗುವವರ ಮಾತಂತೂ ಬೇರೆಯೇ. ಮನೆಗೆ ಒಂದೇ ಯಂತ್ರವನ್ನು ಕೊಳ್ಳುವ ಶಕ್ತಿಯಿದ್ದು, ಮನೆಯಲ್ಲಿ ಅಂಥ ವಿದ್ಯಾರ್ಥಿಯಿದ್ದರೆ, ಲ್ಯಾಪ್‌ಟಾಪನ್ನೇ ಕೊಳ್ಳುವುದು ನ್ಯಾಯ. ನಾನು ದೀಪಾವಳಿಯಲ್ಲಿ ಇದನ್ನು ಯೋಚಿಸಲಿಲ್ಲ, ಅವಳೂ ಬಾಯಿಬಿಡಲಿಲ್ಲ. ಬರುವ ವರ್ಷಕ್ಕೆಂದು ಈಗ ಹಣವನ್ನು ಕೂಡಿಡುತ್ತಿದ್ದೇವೆ.

ಸಣ್ಣ ಪುಟ್ಟ ಸಂಗತಿಗಳು ಇನ್ನೂ ಇವೆ. ಹೊದಿಕೆಯ ಬೆಲೆ ಬೇರೆ. ಪಾಟಿಯ ಬೆಲೆಯನ್ನಷ್ಟೇ ಕೇಳಿಕೊಂಡು ಹೋದವನಿಗೆ ಅದು ಭಾರವೆನಿಸುವುದು. ಪಾಟಿಯು ಅರ್ಧ ಕಿಲೋ ತೂಗಿದರೆ ಹೊದಿಕೆಯೂ ಹೆಚ್ಚು ಕಡಿಮೆ ಅಷ್ಟೇ ತೂಗುವುದರಿಂದ, ಹಗುರವೆಂಬ ಹೊಗಳಿಕೆ ಅರ್ಧ ಮಾತ್ರ ಸತ್ಯ. ಲೋಹದ ಬಿಂದುಗಳಿಂದ ಪಾಟಿಗೆ ತಾಗುವ ಕೀಲಿಮಣೆಗೆ ಬೇರೆ ವಿದ್ಯುತ್ತು ಬೇಡ. ಆದರೆ ನಮ್ಮ ಕಡೆಯ ಗಾಳಿಗೆ ಆ ಬಿಂದುಗಳು ಕಪ್ಪಿಡುವುದರಿಂದ ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರಸಬೇಕು. ಬ್ಲೂಟೂತಿನ ಕೀಲಿಮಣೆಗೆ ಆ ಕಾಟವಿಲ್ಲ. ಅದಕ್ಕೂ ಬೇರೆಯಾಗಿ ವಿದ್ಯುತ್ತು ತುಂಬಬೇಕೆಂಬುದನ್ನು ಮಾತ್ರ ಮರೆಯುವಂತಿಲ್ಲ. ಮತ್ತೂ ಒಂದು: ಲ್ಯಾಪ್‌ಟಾಪ್ ಎಂದರೆ ತೊಡೆಯ ಮೇಲಿನದು ಎಂದರ್ಥವಷ್ಟೆ. ಅದಕ್ಕೆ ಬದಲಾಗಿ ಬಂದ ನನ್ನ ಪಾಟಿಯು ಮೇಜಿನ ಮೇಲೆ ನಿಲ್ಲುತ್ತದೆ, ಜಗಲಿಯ ಮೇಲೆ ನಿಲ್ಲುತ್ತದೆ. ತೊಡೆಯ ಮೇಲೆ ಇಟ್ಟರೆ ಮಗುಚಿ ಬೀಳುತ್ತದೆ.

ಈಗ ಮಧ್ಯಾಹ್ನ ಊಟವಾದ ಮೇಲೆ ಅಕ್ಕನ ಕೋಣೆಯ ಕಿಟಕಿಯ ಬಳಿ ಪಾಟಿಯನ್ನು ನಿಲ್ಲಿಸಿಕೊಂಡು, ತಿದ್ದಿದ ಹಾಡನ್ನು ಅವಳಿಗೆ ಓದಿ ಹೇಳುತ್ತೇನೆ. ತಾನಾಗಿ ಹಾಡಲಾರದ ಹಾಡಾದರೂ ಕೇಳಿದೊಡನೆ ಅವಳಿಗೆ ತಪ್ಪು ತಿಳಿಯುತ್ತದೆ. ಮೊನ್ನೆ ಹೆಣ್ಣು ಒಪ್ಪಿಸುವ ಹಾಡನ್ನು ಓದುತ್ತಿದ್ದಾಗ ಕೈಯೆತ್ತಿ, "ಹಂಗಲ್ಲ ಅದು" ಎಂದಳು. ನಡುವೆ ಎರಡು ಸಾಲು ಬಿಟ್ಟುಹೋಗಿದ್ದವು; ಯಂತ್ರವು ಬಿಟ್ಟುದಲ್ಲ, ಹತ್ತು ವರ್ಷಗಳ ಹಿಂದೆ ನಾನೇ ಕೇಳಿಸಿಕೊಳ್ಳದೆ ಬಿಟ್ಟುದು. ಅವಳು ಹೇಳಿದಳು, ನಾನು ಕೀಲಿಗಳನ್ನು ಒತ್ತಿದೆನು. 33 ಹಾಡುಗಳು ಹೀಗೆ ಮುಗಿದು, ಮೊಮ್ಮಗಳು ಅವನ್ನು ಕಾಗದದ ಮೇಲೂ ಅಚ್ಚು ಮಾಡಿಸಿ ತಂದಿದ್ದಾಳೆ. ಇನ್ನು ಎಂಟು ಉಳಿದಿವೆ. ಮಳೆ ಹಿಡಿಯುವ ಮೊದಲು ಓದಿ ಮುಗಿಸಬೇಕಾಗಿದೆ.