ಸಿಕ್ಕಿಕೊಂಡ ಪುಲ್ಲಿಯನ್ನು ಬಿಡಿಸುವ ಬಗೆ

ಪೀಳಮೇಡಿನ ನಿವಾಸಿಗಳಾದ ನಮಗೆ ಯಂತ್ರಗಳು ಅಪರಿಚಿತವಲ್ಲ. ಒಂದು ಕಾಲದಲ್ಲಿ ಎತ್ತುಗಳು ಕಪಿಲೆಯಿಂದ ನೀರೆತ್ತುತ್ತಿದ್ದ ಈ ಸೀಮೆಯ ಬಾವಿಗಳಿಗೆ ತೈಲ ಎಂಜಿನ್ನುಗಳು ಬಂದುವು. 1932ರಲ್ಲಿ ಪೈಕಾರಾ ಜಲವಿದ್ಯುತ್ತಿನ ಉತ್ಪಾದನೆ ಆರಂಭವಾದ ತರುವಾಯ ವಿದ್ಯುತ್ ಮೋಟಾರುಗಳೂ ಹಬ್ಬಿದುವು. 1951ರಲ್ಲಿ ಪಿ. ಎಸ್. ಜಿ. ತಾಂತ್ರಿಕ ಕಾಲೇಜು ನಮ್ಮ ಊರಿನಲ್ಲಿಯೇ ಸ್ಥಾಪಿತವಾಯಿತು. ಇಂದಿಗೂ ಈ ಪ್ರದೇಶದ ಅನೇಕ ಕುಟುಂಬಗಳು ಎರಕದ ಕೆಲಸವನ್ನೂ ಪಂಪುಗಳ ತಯಾರಿಕೆಯನ್ನೂ ನಂಬಿ ಬಾಳುತ್ತಿವೆ. ಆದುದರಿಂದ ಇಂತಹ ಕೈಕೆಲಸದಲ್ಲಿ ಅಡಗಿರುವ ಶಾಸ್ತ್ರವನ್ನು ಒಂದು ಚಿಕ್ಕ ನಿದರ್ಶನದ ಮೂಲಕ ವಿವರಿಸಬಯಸುತ್ತೇವೆ.

ತೋಟದ ಪಂಪಿಗೆ ಜೋಡಿಸಿದ ಚಿಕ್ಕ ಎಂಜಿನ್ನಿನ ಕ್ರ್ಯಾಂಕ್ ಷಾಫ್ಟಿನ ತುದಿಯಲ್ಲಿ ಒಂದು ಪುಲ್ಲಿ ಇರುತ್ತದೆ. ಅದರ ಮೇಲೆ ಓಡುವ ಬೆಲ್ಟು ಪಂಪನ್ನು ತಿರುಗಿಸುತ್ತದೆ. ಷಾಫ್ಟಿನ ಬಳಿ ಎಣ್ಣೆ ಸೋರತೊಡಗಿದರೆ, ಒಳಗಿನ ಸೀಲನ್ನು ಬದಲಿಸಲು ಮೊದಲು ಈ ಪುಲ್ಲಿಯನ್ನು ತೆಗೆಯಬೇಕು. ಹಳೆಯ ಪುಲ್ಲಿಯಾದರೋ ಜಪ್ಪಯ್ಯ ಎಂದರೂ ಅಲುಗದು. ಅತ್ತ ಪೈರು ಬಾಡುತ್ತಿರುತ್ತದೆ. ಇತ್ತ ತೋಟದವನು ಆತುರದಿಂದ ಸುತ್ತಿಗೆಯನ್ನೆತ್ತುತ್ತಾನೆ. ಹೀಗೆ ಬಡಿದು ಅಂಚು ಮುರಿದ ಪುಲ್ಲಿಯೊಂದನ್ನು ನಾವು ಕಂಡಿದ್ದೇವೆ. ಅರ್ಧ ದಿನದ ಕೆಲಸ ಒಂದು ವಾರಕ್ಕೆ ಬೆಳೆಯಿತು. ಸಿಡಿದ ಚೂರು ಯಾರ ಕಣ್ಣಿಗೂ ತಾಗದಿದ್ದುದೇ ಪುಣ್ಯ.

ಸುತ್ತಿಗೆ ಏಕೆ ಕೂಡದು? ಎರಕದ ಕಬ್ಬಿಣವು ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ. ಎಳೆಯುವ, ಬಾಗಿಸುವ ಬಲಗಳನ್ನು ಅಷ್ಟಾಗಿ ತಾಳಲಾರದೆ ಬಿರಿಯುತ್ತದೆ. ಷಾಫ್ಟಿನ ತುದಿಗೆ ಹೊಡೆದರೆ ಆ ತುದಿ ಅಣಬೆಯಂತೆ ಅಗಲವಾಗಿ ಪುಲ್ಲಿಯು ಮತ್ತಷ್ಟು ಸಿಕ್ಕಿಕೊಳ್ಳುತ್ತದೆ. ಪೆಟ್ಟು ಒಳಗಿನ ಬೇರಿಂಗುಗಳಿಗೂ ತಗಲುತ್ತದೆ.

ಮೊದಲು ಎಂಜಿನ್ನನ್ನು ನಿಲ್ಲಿಸಿ, ಅದು ಅಕಸ್ಮಾತ್ತಾಗಿ ಚಾಲೂ ಆಗದಂತೆ ಮಾಡತಕ್ಕದ್ದು. ಪೆಟ್ರೋಲ್ ಎಂಜಿನ್ನಾದರೆ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಬೇಕು. ಬಳಿಕ ಬೆಲ್ಟನ್ನು ತೆಗೆದು, ಪುಲ್ಲಿಯನ್ನು ಹಿಡಿದಿಟ್ಟಿರುವುದು ಏನೆಂದು ನೋಡಬೇಕು. ಅದರ ನಡುಭಾಗದಲ್ಲಿ ಒಂದು ಚಿಕ್ಕ ಸ್ಕ್ರೂ ಮಣ್ಣು ಜಿಡ್ಡಿನಿಂದ ಮುಚ್ಚಿಹೋಗಿರಬಹುದು. ಷಾಫ್ಟಿಗೂ ಪುಲ್ಲಿಗೂ ನಡುವೆ, ಎರಡೂ ಕೂಡಿ ತಿರುಗಲೆಂದು, ತಲೆಯುಳ್ಳ ಉಕ್ಕಿನ ಬೆಣೆಯನ್ನು ಬಡಿದಿರಬಹುದು. ಇವೆರಡನ್ನೂ ತೆಗೆಯದೆ ಎಷ್ಟು ಎಳೆದರೂ ವ್ಯರ್ಥ. ಅನಂತರ ತುಕ್ಕು ಸಡಿಲವಾಗಲು ತೆಳುವಾದ ಎಣ್ಣೆಯನ್ನು ಸಂದಿಗೆ ಬಿಟ್ಟು ಒಂದು ರಾತ್ರಿ ಕಾಯುವುದು ಲೇಸು.

ಆಮೇಲೆ ಪುಲ್ಲರ್ ಎಂಬ ಸಾಧನವನ್ನು ಉಪಯೋಗಿಸಬೇಕು. ಅದರ ಕೊಕ್ಕೆಗಳು ಪುಲ್ಲಿಯನ್ನು ಹಿಂದಿನಿಂದ ಹಿಡಿಯುತ್ತವೆ. ನಡುವಿನ ಬೋಲ್ಟು ಷಾಫ್ಟಿನ ತುದಿಯನ್ನು ಒತ್ತುತ್ತದೆ. ಕೊಕ್ಕೆಗಳನ್ನು ತೆಳುವಾದ ಅಂಚಿಗೆ ಹಾಕದೆ ದಪ್ಪವಾದ ನಡುಭಾಗಕ್ಕೆ ಹಾಕತಕ್ಕದ್ದು. ನ್ಯೂಟನ್ನನ ಮೂರನೆಯ ನಿಯಮವನ್ನು ವಿದ್ಯಾರ್ಥಿಗಳು ಇಲ್ಲಿ ನೆನೆಯಬೇಕು. ಪುಲ್ಲಿಯನ್ನು ಎಳೆಯುವಷ್ಟೇ ಬಲ ಷಾಫ್ಟನ್ನು ಒಳಕ್ಕೆ ಒತ್ತುತ್ತದೆ. ಎರಡೂ ಬಲಗಳು ಪುಲ್ಲಿ ಮತ್ತು ಷಾಫ್ಟುಗಳ ನಡುವೆಯೇ ಸರಿದೂಗುವುದರಿಂದ ಬೇರಿಂಗುಗಳಿಗೆ ತೊಂದರೆಯಿಲ್ಲ.

ಇನ್ನು ಲೆಕ್ಕ. ಬೋಲ್ಟಿಗೆ ಹಾಕಿದ ಹಿಡಿಯ ಉದ್ದ 30 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಒಂದು ಸುತ್ತಿಗೆ ಕೈ ಸುಮಾರು 188 ಸೆಂಟಿಮೀಟರ್ ಚಲಿಸಿದರೆ ಬೋಲ್ಟು ಕೇವಲ 2 ಮಿಲಿಮೀಟರ್ ಮುಂದೆ ಸರಿಯುತ್ತದೆ. ಲೆಕ್ಕದಂತೆ ಬಲವು 900 ಪಟ್ಟಿಗೂ ಹೆಚ್ಚಾಗಬೇಕು. ಘರ್ಷಣೆಯಲ್ಲಿ ಬಹುಭಾಗ ನಷ್ಟವಾದರೂ ಉಳಿದದ್ದು ಅಲ್ಪವಲ್ಲ. ಆದುದರಿಂದಲೇ ಬೋಲ್ಟನ್ನು ಸ್ವಲ್ಪ ಬಿಗಿದು, ತಡೆದು, ಮತ್ತೆ ಬಿಗಿಯಬೇಕು. ಅದರ ನೇರಕ್ಕೆ ಮುಖವಿಟ್ಟು ನಿಲ್ಲಕೂಡದು.

ಅಷ್ಟಕ್ಕೂ ಬಾರದಿದ್ದರೆ ಶಾಖವುಂಟು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವುದನ್ನು ಹಿರಿಯರು ಬಲ್ಲರು. 25 ಮಿಲಿಮೀಟರ್ ರಂಧ್ರವುಳ್ಳ ಎರಕದ ಪುಲ್ಲಿಯನ್ನು 100 ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚಾಗಿ ಕಾಯಿಸಿದರೆ ರಂಧ್ರವು ಮಿಲಿಮೀಟರಿನ ಸುಮಾರು 40ನೆಯ ಒಂದು ಭಾಗ ಹಿಗ್ಗುತ್ತದೆ. ಅನೇಕ ವೇಳೆ ಅಷ್ಟೇ ಸಾಕು. ಆದರೆ ಷಾಫ್ಟು ಕಾಯುವ ಮುನ್ನ ಪುಲ್ಲಿಯನ್ನು ಎಳೆಯಬೇಕು. ಇಂಧನದ ಬಳಿ ಬೆಂಕಿ ಅಪಾಯಕರ. ಈ ಕೆಲಸವನ್ನು ಅನುಭವಸ್ಥರಿಗೇ ಬಿಡತಕ್ಕದ್ದು.

ಬಾಲಕರೆ, ಬಾಲಕಿಯರೆ, ನಿಮ್ಮ ತಂದೆಯವರೋ ಅಣ್ಣಂದಿರೋ ಇಂತಹ ಕೆಲಸಕ್ಕೆ ಕುಳಿತಾಗ ಕಣ್ಣಿಗೆ ಕನ್ನಡಕ ಧರಿಸುವಂತೆ ನೆನಪಿಸಿ, ದೂರ ನಿಂತು ನೋಡಿರಿ. ಪಾಠದಲ್ಲಿ ಓದಿದ ನಿಯಮಗಳು ಅವರ ಕೈಯಲ್ಲಿ ಕೆಲಸ ಮಾಡುವುದನ್ನು ಕಾಣುವಿರಿ.