ಎಲ್ಲಾ ವಿಷಯದಲ್ಲೂ 30 ಬಂದ್ರೆ ಪಾಸಾ? ಅಲ್ಲ! ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಓದೋದು ಹೇಗೆ, ಇಲ್ಲಿದೆ ಲೆಕ್ಕ

ಚಳ್ಳಕೆರೆ: ನಾಯಕನಹಟ್ಟಿ ಜಾತ್ರೆ ಗದ್ದಲ ಮುಗಿಯೋ ಹೊತ್ತಿಗೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಪರೀಕ್ಷೆ ಬಂದೇ ಬಿಡುತ್ತೆ. ಈ ಸಲ ಒಂದು ಮಾತು ತಾಲ್ಲೂಕಿನ ತುಂಬಾ ಓಡಾಡ್ತಿದೆ. ಕಿರಾಣಿ ಅಂಗಡಿ, ಝೆರಾಕ್ಸ್ ಅಂಗಡಿ, ಟೀ ಅಂಗಡಿ ಎಲ್ಲಿ ನಿಂತರೂ ಅದೇ. "ಈ ವರ್ಷದಿಂದ 30 ಬಂದ್ರೆ ಪಾಸಂತೆ, ಇನ್ನೇನು ಟೆನ್ಷನ್ ಬಿಡಪ್ಪ."

ಈ ಮಾತು ಅರ್ಧ ಸತ್ಯ. ಇದನ್ನೇ ನಂಬಿ ಕೂತ ಹುಡುಗ ಆರೂ ವಿಷಯದಲ್ಲಿ ಸರಿಯಾಗಿ 30 ಪರ್ಸೆಂಟ್ ತಗೊಂಡರೂ ಫೇಲ್ ಆಗ್ತಾನೆ. ಹೇಗೆ ಅಂತ ಅಂಗಡಿ ಲೆಕ್ಕದ ಥರ ಬಿಡಿಸಿ ನೋಡೋಣ. ಜೊತೆಗೆ ಅಂಕಪಟ್ಟಿಯಲ್ಲಿ ಒಟ್ಟು ಅಂಕ ಬಿಟ್ಟು ಇನ್ನೇನೇನು ನೋಡಬೇಕು ಅನ್ನೋದನ್ನೂ ತಿಳ್ಕೊಳ್ಳೋಣ.

625 ಅಂಕ ಎಲ್ಲಿಂದ ಬಂತು?

ಎಸ್‌ಎಸ್‌ಎಲ್‌ಸಿಯಲ್ಲಿ ಆರು ವಿಷಯ. ಪ್ರಥಮ ಭಾಷೆಗೆ 125 ಅಂಕ. ದ್ವಿತೀಯ ಭಾಷೆ, ತೃತೀಯ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಈ ಐದಕ್ಕೂ ತಲಾ 100. ಒಟ್ಟು 625.

ಇದರಲ್ಲಿ ಎಲ್ಲಾ ಅಂಕವೂ ಮಾರ್ಚ್ ಪರೀಕ್ಷೆಯದ್ದಲ್ಲ. ಪ್ರಥಮ ಭಾಷೆಯಲ್ಲಿ 100 ಲಿಖಿತ ಪರೀಕ್ಷೆಗೆ, 25 ಆಂತರಿಕ ಮೌಲ್ಯಮಾಪನಕ್ಕೆ. ಉಳಿದ ಐದು ವಿಷಯದಲ್ಲಿ 80 ಲಿಖಿತ, 20 ಆಂತರಿಕ. ಮಕ್ಕಳು ಇದನ್ನೇ ಇಂಟರ್ನಲ್ ಅಂತಾರೆ. ವರ್ಷ ಪೂರ್ತಿ ಶಾಲೆಯಲ್ಲಿ ನಡೆಯೋ ಎಫ್‌ಎ, ಚಟುವಟಿಕೆ, ಕಿರು ಪರೀಕ್ಷೆಗಳ ಅಂಕ ಇಲ್ಲಿ ಬಂದು ಸೇರುತ್ತೆ.

ಕೂಡಿಸಿ ನೋಡಿ. 25 ಮತ್ತು ಐದು ಇಪ್ಪತ್ತು ಅಂದ್ರೆ 125. ಅಂದರೆ 625ರಲ್ಲಿ ಐದನೇ ಒಂದು ಭಾಗ ಪರೀಕ್ಷಾ ಕೊಠಡಿಗೆ ಹೋಗೋ ಮೊದಲೇ ನಿರ್ಧಾರ ಆಗಿರುತ್ತೆ. ಹೊಲದ ಕೆಲಸ, ಮದುವೆ, ಸಂತೆ ಅಂತ ಮಗು ಶಾಲೆ ತಪ್ಪಿಸಿದಾಗ ಹೋಗೋದು ಬರೀ ಪಾಠ ಅಲ್ಲ, ಈ ಅಂಕವೂ ಹೋಗುತ್ತೆ. ಹಾಜರಾತಿ ಬೇರೆ 75 ಪರ್ಸೆಂಟ್ ಇರಲೇಬೇಕು.

ಹೊಸ ನಿಯಮ: ಎರಡು ಬಾಗಿಲು

ಮೊದಲು ಪಾಸಾಗೋಕೆ 35 ಪರ್ಸೆಂಟ್ ಅಂತ ಇತ್ತು, ಅಂದರೆ 625ಕ್ಕೆ 219. 2025ರ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಇದನ್ನು 33 ಪರ್ಸೆಂಟ್‌ಗೆ ಇಳಿಸಿರೋದಾಗಿ ಪ್ರಕಟಿಸಿದರು. 2025-26ನೇ ಸಾಲಿನಿಂದ ಇದು ಜಾರಿ.

ಹೊಸ ನಿಯಮದಲ್ಲಿ ಎರಡು ಷರತ್ತು ಇದೆ:

1. ಪ್ರತಿ ವಿಷಯದಲ್ಲೂ ಕನಿಷ್ಠ 30 ಪರ್ಸೆಂಟ್ ಬರಬೇಕು.
2. ಆಂತರಿಕ ಮತ್ತು ಲಿಖಿತ ಎಲ್ಲಾ ಸೇರಿ ಒಟ್ಟು 33 ಪರ್ಸೆಂಟ್, ಅಂದರೆ 625ಕ್ಕೆ ಕನಿಷ್ಠ 206 ಬರಬೇಕು.

ಎರಡೂ ಬಾಗಿಲು ದಾಟಿದರೆ ಮಾತ್ರ ಪಾಸು. ಒಂದು ದಾಟಿ ಇನ್ನೊಂದರಲ್ಲಿ ಸಿಕ್ಕಿಕೊಂಡರೆ ಇಲ್ಲ.

ಮೂರು ಮಕ್ಕಳ ಲೆಕ್ಕ

ಇವು ಉದಾಹರಣೆಗೆ ಹಾಕಿದ ಅಂಕ, ಯಾರ ಮನೆ ಮಕ್ಕಳದ್ದೂ ಅಲ್ಲ.

ಮೊದಲನೆಯವನು: "30 ಬಂದ್ರೆ ಸಾಕು" ಅಂತ ಓದಿದವನು. ಪ್ರಥಮ ಭಾಷೆಯಲ್ಲಿ 38, ಉಳಿದ ಐದರಲ್ಲೂ ತಲಾ 30. ಒಟ್ಟು 188. ಬೇಕಾಗಿದ್ದು 206. ಎಲ್ಲಾ ವಿಷಯದಲ್ಲೂ 30 ಪರ್ಸೆಂಟ್ ದಾಟಿದ್ದಾನೆ, ಆದರೂ 18 ಅಂಕ ಕಡಿಮೆ.

ಎರಡನೆಯವಳು: ಪ್ರಥಮ ಭಾಷೆ 60, ದ್ವಿತೀಯ ಭಾಷೆ 38, ತೃತೀಯ ಭಾಷೆ 45, ಗಣಿತ 29, ವಿಜ್ಞಾನ 34, ಸಮಾಜ 41. ಒಟ್ಟು 247. ಒಟ್ಟು ಅಂಕ 206ಕ್ಕಿಂತ 41 ಜಾಸ್ತಿನೇ ಇದೆ. ಆದರೆ ಗಣಿತದಲ್ಲಿ ಒಂದೇ ಒಂದು ಅಂಕ ಕಡಿಮೆ, ಅಲ್ಲಿಗೆ ನಿಂತು ಹೋಯ್ತು.

ಮೂರನೆಯವನು: ಪ್ರಥಮ ಭಾಷೆ 45, ದ್ವಿತೀಯ ಭಾಷೆ 32, ತೃತೀಯ ಭಾಷೆ 35, ಗಣಿತ 30, ವಿಜ್ಞಾನ 31, ಸಮಾಜ 36. ಒಟ್ಟು 209. ಎರಡನೆಯವಳಿಗಿಂತ 38 ಅಂಕ ಕಡಿಮೆ, ಆದರೆ ಇವನು ಪಾಸು.

ಇದರಲ್ಲಿ ಮಕ್ಕಳು ತಿಳ್ಕೊಳ್ಳಬೇಕಾದ್ದು ಇಷ್ಟೇ. ಬರದ ವಿಷಯವನ್ನು ಪೂರ್ತಿ ಕೈಬಿಡೋ ಹಾಗಿಲ್ಲ, ಅಲ್ಲಿ 30 ದಾಟಲೇಬೇಕು. ಬರೋ ವಿಷಯದಲ್ಲೂ 30ಕ್ಕೆ ನಿಲ್ಲೋ ಹಾಗಿಲ್ಲ, ಕೊರತೆ ಬೀಳೋ 18 ಅಂಕ ಅಲ್ಲಿಂದಲೇ ಬರಬೇಕು. ಕನ್ನಡ, ಸಮಾಜ ಚೆನ್ನಾಗಿ ಬರೋ ಮಕ್ಕಳು "ಅದು ಹೆಂಗೂ ಪಾಸಾಗ್ತೀನಿ" ಅಂತ ಬಿಟ್ಟು ಬರೀ ಗಣಿತ ಹಿಡ್ಕೊಂಡು ಕೂತರೆ ಅದೂ ನಷ್ಟವೇ.

ಪರ್ಸೆಂಟೇಜ್: ಆರರಿಂದ ಭಾಗಿಸಬೇಡಿ

ಫಲಿತಾಂಶದ ದಿನ ಅಂಗಡಿ ಕೌಂಟರ್ ಮುಂದೆ ನಡೆಯೋ ಸಾಮಾನ್ಯ ತಪ್ಪು ಇದು. ಆರು ವಿಷಯ ಇದೆ ಅಂತ ಒಟ್ಟು ಅಂಕವನ್ನು ಆರರಿಂದ ಭಾಗಿಸಿ ಪರ್ಸೆಂಟೇಜ್ ಹೇಳಿಬಿಡ್ತಾರೆ. ಪ್ರಥಮ ಭಾಷೆಗೆ 125 ಇರೋದರಿಂದ ಈ ಲೆಕ್ಕ ತಪ್ಪಾಗುತ್ತೆ.

ಉದಾಹರಣೆಗೆ 412 ಬಂದಿದೆ ಅನ್ಕೊಳ್ಳಿ. ಆರರಿಂದ ಭಾಗಿಸಿದರೆ 68.67 ಬರುತ್ತೆ. ಸರಿಯಾದ್ದು 65.92. ಅರ್ಜಿಯಲ್ಲಿ ತಪ್ಪು ಪರ್ಸೆಂಟೇಜ್ ತುಂಬಿದರೆ ದಾಖಲೆ ಪರಿಶೀಲನೆಯಲ್ಲಿ ತೊಂದರೆ.

ಸುಲಭದ ದಾರಿ ಒಂದಿದೆ. ಕ್ಯಾಲ್ಕುಲೇಟರ್‌ನಲ್ಲಿ ಒಟ್ಟು ಅಂಕವನ್ನು 0.16ರಿಂದ ಗುಣಿಸಿ, ಅದೇ ಪರ್ಸೆಂಟೇಜ್. 500 ಬಂದಿದ್ದರೆ 80, 375 ಬಂದಿದ್ದರೆ 60.

ಕಡಿಮೆ ಬಂತಾ? ದಾರಿ ಮುಚ್ಚಿಲ್ಲ

2024ರಲ್ಲಿ "ಪೂರಕ ಪರೀಕ್ಷೆ" ಅನ್ನೋ ಹೆಸರು ಹೋಗಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅನ್ನೋ ಪದ್ಧತಿ ಬಂತು. ಮಾರ್ಚ್‌ನಲ್ಲಿ ನಡೆಯೋದು ಪರೀಕ್ಷೆ-1. ಅದರಲ್ಲಿ ಒಂದು ವಿಷಯ ಹೋದರೆ ಆ ವಿಷಯವನ್ನು ಪರೀಕ್ಷೆ-2ರಲ್ಲಿ ಬರೀಬಹುದು. ಪಾಸಾದವರೂ ಅಂಕ ಜಾಸ್ತಿ ಮಾಡ್ಕೊಳ್ಳೋಕೆ ಬರೀಬಹುದು. ಎರಡರಲ್ಲಿ ಯಾವುದು ಹೆಚ್ಚೋ ಆ ಅಂಕ ಉಳಿಯುತ್ತೆ. ಹಾಗಾಗಿ ಮತ್ತೆ ಬರೆದರೆ ಇದ್ದಿದ್ದೂ ಹೋಗುತ್ತೆ ಅನ್ನೋ ಭಯ ಬೇಡ.

ಇನ್ನು, ಚೆನ್ನಾಗಿ ಬರೆದಿದ್ದೆ, ಆದರೂ ಅಂಕ ಬಂದಿಲ್ಲ ಅನ್ನೋ ಅನುಮಾನ ಇದ್ದರೆ ಮೊದಲು ಉತ್ತರ ಪತ್ರಿಕೆಯ ನಕಲು ಪ್ರತಿಗೆ ಅರ್ಜಿ ಹಾಕಬೇಕು. ಅದನ್ನು ಆ ವಿಷಯದ ಮೇಷ್ಟ್ರಿಗೆ ತೋರಿಸಿ. ಕೂಡಿಸಿದ್ದು ತಪ್ಪಿದೆಯಾ, ಯಾವುದಾದರೂ ಉತ್ತರಕ್ಕೆ ಅಂಕ ಕೊಟ್ಟಿಲ್ವಾ ನೋಡಿಸಿ. ಆಮೇಲೆ ಮರುಮೌಲ್ಯಮಾಪನ. ನಕಲು ಪ್ರತಿ ತಗೊಳ್ಳದೆ ನೇರವಾಗಿ ಮರುಮೌಲ್ಯಮಾಪನಕ್ಕೆ ಹಾಕೋಕೆ ಬರಲ್ಲ. ಇದಕ್ಕೆ ಕೊಡೋ ದಿನ ಬಹಳ ಕಡಿಮೆ. ಫಲಿತಾಂಶ ಬಂದ ದಿನ ಅತ್ತು, ಮಾರನೇ ದಿನ ಬೈಸ್ಕೊಂಡು, ವಾರ ಬಿಟ್ಟು ಶಾಲೆಗೆ ಹೋದರೆ ಕೊನೆ ದಿನ ಮುಗಿದಿರುತ್ತೆ.

ಒಟ್ಟು ಅಂಕ ಸಾಕಾಗಲ್ಲ, ವಿಷಯವಾರು ನೋಡಿ

"ಪಾಸಾಯ್ತಲ್ಲ ಸಾಕು" ಅನ್ನೋ ಮನೆಗಳಿಗೆ ಒಂದು ಮಾತು. ಮುಂದೆ ಬಾಗಿಲು ತೆಗೆಯೋರು ಒಟ್ಟು ಅಂಕ ಮಾತ್ರ ನೋಡಲ್ಲ. ಪಾಲಿಟೆಕ್ನಿಕ್ ಡಿಪ್ಲೊಮಾ ಸೀಟಿಗೆ ಗಣಿತ ಮತ್ತು ವಿಜ್ಞಾನದ ಅಂಕ ಮುಖ್ಯ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಬೇರೆ ಪರೀಕ್ಷೆನೇ ಇಲ್ಲ, ಹತ್ತನೇ ತರಗತಿ ಅಂಕದ ಮೇಲೆ ಮೆರಿಟ್ ಪಟ್ಟಿ ಮಾಡ್ತಾರೆ. ನಮ್ಮ ತಳಕು, ಪರಶುರಾಂಪುರ ಕಡೆ ಹಳ್ಳಿ ಮಕ್ಕಳಿಗೆ ಊರಿನ ಹತ್ತಿರವೇ ಸಿಗಬಹುದಾದ ಕೆಲಸ ಅದು. ಹದಿನಾರನೇ ವಯಸ್ಸಿನಲ್ಲಿ ತಗೊಂಡ ಅಂಕ ಹದಿನೆಂಟು, ಇಪ್ಪತ್ತೈದರಲ್ಲೂ ಲೆಕ್ಕಕ್ಕೆ ಬರುತ್ತೆ.

ಅಂಕಕ್ಕಿಂತ ಮೊದಲು ಹೆಸರು ನೋಡಿ

ಇದು ನನ್ನದೇ ಅನುಭವ, ಅದಕ್ಕೇ ಸ್ವಲ್ಪ ಒತ್ತಿ ಹೇಳ್ತಿದ್ದೀನಿ.

ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬಂದಾಗ ಮನೆಯಲ್ಲಿ ಎಲ್ಲರೂ ನೋಡಿದ್ದು ಒಟ್ಟು ಅಂಕ ಮಾತ್ರ. ನನ್ನ ಹೆಸರಿನಲ್ಲಿ ಇನಿಷಿಯಲ್ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇತ್ತು. ಯಾರೂ ಗಮನಿಸಲಿಲ್ಲ. ಡಿಗ್ರಿಗೆ ಸೇರಿ ಸ್ಕಾಲರ್‌ಶಿಪ್ ಅರ್ಜಿ ಹಾಕಿದಾಗ ಹೆಸರು ಹೊಂದಾಣಿಕೆ ಆಗ್ತಿಲ್ಲ ಅಂತ ನಿಂತು ಹೋಯ್ತು. ಹೈಸ್ಕೂಲು, ಕಾಲೇಜು, ಆಧಾರ್ ಸೆಂಟರ್ ಅಂತ ಓಡಾಡಿ ಸರಿ ಮಾಡಿಸೋ ಹೊತ್ತಿಗೆ ಆ ವರ್ಷದ ಅರ್ಜಿ ದಿನಾಂಕ ಮುಗಿದಿತ್ತು. ನಾನು ಎರಡನೇ ವರ್ಷದಲ್ಲಿ ಡಿಗ್ರಿ ಬಿಟ್ಟೆ. ಅದಕ್ಕೆ ಇದೊಂದೇ ಕಾರಣ ಅಂತ ಹೇಳಲ್ಲ, ಮನೆ ಕಷ್ಟವೂ ಇತ್ತು. ಆದರೆ ಆ ದುಡ್ಡು ಬಂದಿದ್ದರೆ ಆ ವರ್ಷದ ಫೀಸು ಕಟ್ಟಬಹುದಿತ್ತು.

ಅಂಕಪಟ್ಟಿಗೆ ಹೆಸರು ಬೆಂಗಳೂರಲ್ಲಿ ಕೂತು ಯಾರೋ ಬರೆಯೋದಲ್ಲ. ಶಾಲೆಯ ದಾಖಲಾತಿಯಲ್ಲಿ ಇರೋ ಮಾಹಿತಿಯನ್ನೇ ಶಾಲೆಯವರು ಮಂಡಳಿಗೆ ಕಳಿಸ್ತಾರೆ. ಅದಕ್ಕೆ ನಾಮಿನಲ್ ರೋಲ್ ಅಂತಾರೆ. ಅಲ್ಲಿ ತಪ್ಪಿದ್ದರೆ ಹಾಲ್ ಟಿಕೆಟ್‌ನಲ್ಲೂ ತಪ್ಪು, ಅಂಕಪಟ್ಟಿಯಲ್ಲೂ ತಪ್ಪು. ಹಾಗಾಗಿ ಹಾಲ್ ಟಿಕೆಟ್ ಕೈಗೆ ಬಂದ ದಿನವೇ ಇಷ್ಟನ್ನು ನೋಡಿ:

* ವಿದ್ಯಾರ್ಥಿ ಹೆಸರು, ಇನಿಷಿಯಲ್: ಆಧಾರ್‌ನಲ್ಲಿ ಇರೋ ಹಾಗೇ ಇದೆಯಾ?
* ತಂದೆ ಹೆಸರು, ತಾಯಿ ಹೆಸರು: ಅಕ್ಷರ ಅಕ್ಷರ ಕೂಡಿಸಿ ಓದಿ.
* ಹುಟ್ಟಿದ ದಿನಾಂಕ: ಜನನ ಪ್ರಮಾಣಪತ್ರಕ್ಕೆ ತಾಳೆ ಆಗುತ್ತಾ?
* ಮಾಧ್ಯಮ, ಭಾಷಾ ವಿಷಯ: ಮಗು ಓದಿದ್ದೇ ಇದೆಯಾ?
* ಫೋಟೋ.

ಒಂದು ಅಕ್ಷರ ತಪ್ಪಿದ್ದರೂ ಅವತ್ತೇ ಮುಖ್ಯ ಶಿಕ್ಷಕರ ಹತ್ತಿರ ಹೋಗಿ. ಅಂಕಪಟ್ಟಿ ಅಚ್ಚಾದ ಮೇಲೂ ತಿದ್ದುಪಡಿಗೆ ದಾರಿ ಇದೆ. ಅದಕ್ಕೂ ಶಾಲೆ ಮೂಲಕವೇ, ದಾಖಲಾತಿ ಪುಸ್ತಕದ ಪ್ರತಿ ಜೊತೆ ಮಂಡಳಿಗೆ ಹೋಗಬೇಕು. ಹುಟ್ಟಿದ ದಿನಾಂಕದ ತಿದ್ದುಪಡಿ ಅಂತೂ ಇನ್ನೂ ಕಷ್ಟ. ಮುಂದೆ ಪಾಸ್‌ಪೋರ್ಟ್ ಇರಲಿ, ಸರ್ಕಾರಿ ನೌಕರಿ ಇರಲಿ, ವಯಸ್ಸಿಗೆ ದಾಖಲೆ ಅಂತ ಕೇಳೋದು ಇದೇ ಹಾಳೆಯನ್ನು.

ಅಂಕಪಟ್ಟಿ ಬಂದ ಮೇಲೆ ನೋಂದಣಿ ಸಂಖ್ಯೆಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಪಿಯು ಪ್ರವೇಶದಿಂದ ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿವರೆಗೆ ಅದನ್ನು ಕೇಳ್ತಾನೇ ಇರ್ತಾರೆ. ಡಿಜಿಲಾಕರ್‌ನಲ್ಲೂ ಅಂಕಪಟ್ಟಿ ಸಿಗುತ್ತೆ. ಮೂಲ ಪ್ರತಿ ಯಾರಿಗಾದರೂ ಕೊಡುವಾಗ ಎರಡು ಝೆರಾಕ್ಸ್ ಮಾಡಿಸಿಕೊಂಡೇ ಕೊಡಿ.

ಪಿಯು ಮಕ್ಕಳಿಗೂ ಇದೇ ಲೆಕ್ಕ

ದ್ವಿತೀಯ ಪಿಯುಸಿಯಲ್ಲಿ ಆರು ವಿಷಯ, ತಲಾ 100ರಂತೆ ಒಟ್ಟು 600. ಅಲ್ಲಿಯೂ ಈಗ ಪ್ರತಿ ವಿಷಯಕ್ಕೆ ಕನಿಷ್ಠ 30, ಒಟ್ಟು 33 ಪರ್ಸೆಂಟ್, ಅಂದರೆ 198 ಬೇಕು. ಆರರಲ್ಲೂ 30 ಬಂದರೆ 180 ಆಗುತ್ತೆ. ಅಲ್ಲೂ 18 ಅಂಕವೇ ಕೊರತೆ. ಪರ್ಸೆಂಟೇಜ್‌ಗೆ ಮಾತ್ರ ಇಲ್ಲಿ ಆರರಿಂದ ಭಾಗಿಸಿದರೆ ಸರಿ ಹೋಗುತ್ತೆ.

ಕೊನೆಗೆ, ಅಂಗಡಿಯವರಿಗೆ ಒಂದು ವಿನಂತಿ

ಎಷ್ಟೋ ಹತ್ತನೇ ಕ್ಲಾಸಿನ ಮಕ್ಕಳು ಸಂಜೆ ಹೊತ್ತು ನಿಮ್ಮ ಅಂಗಡಿಗಳಲ್ಲೇ ಕೆಲಸಕ್ಕೆ ನಿಲ್ತಾರೆ, ಅವರ ಅಪ್ಪ ಅಮ್ಮ ನಿಮ್ಮ ಗಿರಾಕಿಗಳು. ಮನೆಯಲ್ಲಿ ಓದು ಬರೋರು ಇಲ್ಲದಿದ್ದರೆ ಆ ಮಕ್ಕಳು ಹಾಲ್ ಟಿಕೆಟ್ ತೋರಿಸೋದೂ ನಿಮಗೇ. ಅವರು ಬಂದಾಗ "30 ಬಂದ್ರೆ ಪಾಸು ಕಣೋ" ಅಂತ ಹೇಳಬೇಡಿ. "ಒಟ್ಟು 206 ಆಗುತ್ತಾ ಲೆಕ್ಕ ಹಾಕಿದ್ಯಾ? ಹೆಸರು ಸರಿ ಇದೆಯಾ ನೋಡಿದ್ಯಾ?" ಅಂತ ಕೇಳಿ. ಕ್ಯಾಲ್ಕುಲೇಟರ್ ಹೆಂಗೂ ನಿಮ್ಮ ಕೌಂಟರ್ ಮೇಲೇ ಇರುತ್ತೆ. ಐದು ನಿಮಿಷದ ಕೆಲಸ, ಒಂದು ಮಗುವಿನ ಒಂದು ವರ್ಷ ಉಳಿಯುತ್ತೆ.