ಯಾವ ಕ್ಷೇತ್ರಕ್ಕೆ ಹೊರಟಿರಿ?

ಪುಷ್ಯಮಾಸದ ಚಳಿಯಲ್ಲಿ ಹೆಣ್ಣುಮಗಳೊಬ್ಬಳು ಗಂಟುಮೂಟೆ ಕಟ್ಟಿದರೆ ನೆರೆಹೊರೆಯವರು ಕೇಳುವ ಮೊದಲ ಪ್ರಶ್ನೆ, "ಯಾವ ಕ್ಷೇತ್ರಕ್ಕೆ ಹೊರಟಿರಿ?" ಎಂಬುದು. ಶ್ರೀಶೈಲವೆಂದರೆ, ಕೂಡಲಸಂಗಮವೆಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಕಳೆದ ಜನವರಿಯಲ್ಲಿ ನಾನು ಅಂಡಮಾನಿನ ಪುಟ್ಟ ದ್ವೀಪವೊಂದಕ್ಕೆ, ಅದೂ ಒಬ್ಬಳೇ, ಬರಿಯ ವಿಶ್ರಾಂತಿಗಾಗಿ ಹೊರಟಿದ್ದೇನೆಂದಾಗ ಮಾತು ಅಷ್ಟು ಬೇಗ ಮುಗಿಯಲಿಲ್ಲ. "ಜೊತೆಗೆ ಯಾರು?" ಎಂದು ಮಗ ಮೂರು ಸಲ ಕೇಳಿದ.

ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದ ಅತ್ತೆಯವರ ಸೇವೆ ನನ್ನ ಪಾಲಿಗಿತ್ತು. ಅದರ ಬಗ್ಗೆ ದೂರಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಅವರ ಮಗ್ಗುಲು ಬದಲಿಸುವುದರೊಂದಿಗೆ ನನ್ನ ದಿನ ಆರಂಭವಾಗುತ್ತಿತ್ತು. ಅವರು ಲಿಂಗೈಕ್ಯರಾಗಿ ವರ್ಷ ತುಂಬಿದ ಮೇಲೂ ನಾಲ್ಕಕ್ಕೆ ಎಚ್ಚರವಾಗುವುದು ತಪ್ಪಲಿಲ್ಲ. ಎದ್ದು ಮಾಡುವುದೇನೂ ಇರುತ್ತಿರಲಿಲ್ಲ. ಮಂಡಿನೋವಿಗೆ ಬೆಚ್ಚನೆಯ ಊರು ಒಳ್ಳೆಯದೆಂಬುದು ಮನೆಯವರಿಗೆ ನಾನು ಕೊಟ್ಟ ಕಾರಣ, ಅದು ಅರ್ಧಸತ್ಯ.

ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಒಂಟಿಯಾಗಿ ನಡೆದುದನ್ನು ಪ್ರತಿ ಜಯಂತಿಯಲ್ಲೂ ಕೊಂಡಾಡುವ ನಾವು, ಮನೆಯ ಸೊಸೆ ಒಬ್ಬಳೇ ಊರು ದಾಟುವಾಗ ಗಾಬರಿಯಾಗುವುದೇಕೋ! ಅಕ್ಕನ ಎತ್ತರ ನನಗಿಲ್ಲ. ಅವಳು ಹೋದದ್ದು ಚೆನ್ನಮಲ್ಲಿಕಾರ್ಜುನನಿಗಾಗಿ, ನಾನು ನಿದ್ರೆಗಾಗಿ.

ಬೆಂಗಳೂರಿನಿಂದ ವಿಮಾನದಲ್ಲಿ ಪೋರ್ಟ್ ಬ್ಲೇರ್ ತಲುಪಿದೆ. 2024ರಲ್ಲಿ ಆ ಪಟ್ಟಣಕ್ಕೆ ಶ್ರೀ ವಿಜಯ ಪುರಂ ಎಂದು ಹೊಸ ಹೆಸರಾಗಿದೆ. ಮೊದಲ ದಿನ ಸೆಲ್ಯುಲರ್ ಜೈಲು ನೋಡಿದೆ. 1906ರಲ್ಲಿ ಕಟ್ಟಿ ಮುಗಿಸಿದ ಆ ಸೆರೆಮನೆಗೆ ಏಳು ರೆಕ್ಕೆಗಳಿದ್ದವು. ಈಗ ಉಳಿದಿರುವುದು ಮೂರು. ಒಂದು ರೆಕ್ಕೆಯ ಕೋಣೆಗಳ ಬಾಗಿಲು ಇನ್ನೊಂದರ ಬೆನ್ನಿಗೆ ಎದುರಾಗುವಂತೆ ಕಟ್ಟಿದ್ದಾರೆ, ಕೈದಿಗಳು ಪರಸ್ಪರ ಮುಖ ನೋಡಬಾರದೆಂದು. ಒಂಟಿತನವನ್ನೇ ಶಿಕ್ಷೆಯಾಗಿ ವಿಧಿಸಿದ ಸ್ಥಳ. ಅದನ್ನೇ ಬಯಸಿ ಬಂದ ನನಗೆ ಒಂದು ಕೋಣೆಯ ಹೊಸ್ತಿಲು ದಾಟಲು ಮನಸ್ಸಾಗಲಿಲ್ಲ.

ಮರುದಿನ ಹಡಗಿನಲ್ಲಿ ಸುಮಾರು ಎರಡು ಗಂಟೆಯ ಪಯಣ. ನೀಲ್ ಎಂಬ ಆಂಗ್ಲ ಸೇನಾನಿಯ ಹೆಸರು ಹೊತ್ತಿದ್ದ ಈ ದ್ವೀಪ 2018ರಿಂದ ಶಹೀದ್ ದ್ವೀಪವಾಗಿದೆ. ಇಲ್ಲಿನ ಬಹುಪಾಲು ಜನ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಸಂತತಿ. 1960ರ ದಶಕದಲ್ಲಿ ಕಾಡು ಕಡಿದು ಹೊಲ ಮಾಡಿ, ಇಂದು ಸುತ್ತಲ ದ್ವೀಪಗಳಿಗೆಲ್ಲ ತರಕಾರಿ ಕಳುಹಿಸುತ್ತಿದ್ದಾರೆ. ಕಡಲ ನಡುವೆ ಮೀನಲ್ಲದೆ ಏನು ಸಿಕ್ಕೀತೆಂದು ಅಂಜಿ ನಾನು ಹೊತ್ತೊಯ್ದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಯಲ್ಲಿ ಅರ್ಧ ಹಾಗೆಯೇ ಮರಳಿದವು. ಬದನೆ, ಸೋರೆ, ಸೊಪ್ಪು, ಅನ್ನ, ಬೇಳೆ ಧಾರಾಳವಾಗಿತ್ತು. ಉಳಿದುಕೊಂಡ ಮನೆಯ ಬಂಗಾಳಿ ಒಡತಿ ನನ್ನ ಹರಕು ಹಿಂದಿಯಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಒಂಟಿಯಾಗಿ ಬಂದಿರೇಕೆಂದು ಕೇಳದೆ, ಊಟವಾಯಿತೇ ಎಂದು ಮಾತ್ರ ಕೇಳಿದಳು.

ಈಶಾನ್ಯ ಮಾರುತದ ಮಳೆ ಡಿಸೆಂಬರಿಗೆ ಬಹುತೇಕ ಹಿಂದೆಗೆಯುವುದರಿಂದ ಜನವರಿಯಲ್ಲಿ ಕಡಲು ಶಾಂತ. ರಾತ್ರಿಯಲ್ಲೂ ಶಾಲು ಬೇಡ. ದ್ವೀಪ ನಮಗಿಂತ ಬಹಳ ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ ಆದ್ದರಿಂದ ಸಂಜೆ ಐದೂವರೆಗೆಲ್ಲ ಹೊತ್ತು ಮುಳುಗಿರುತ್ತದೆ.

ಕಾಯಕದಲ್ಲಿಯೇ ಬೆಳೆದ ಮೈಗೆ ಸುಮ್ಮನಿರುವುದು ಸುಲಭವಲ್ಲ. ಮೊದಲ ಎರಡು ದಿನ ಒಗೆದ ಸೀರೆಯನ್ನೇ ಮತ್ತೆ ಒಗೆದೆ. ಒಡತಿಯ ಅಡುಗೆಮನೆಗೆ ನುಗ್ಗಿ ಅವರೆ ಸುಲಿಯಲು ಕುಳಿತೆ. ಅವಳು ನಕ್ಕು ನನ್ನ ಕೈಯಿಂದ ಮೊರ ಕಿತ್ತುಕೊಂಡು ಕಡಲಿನತ್ತ ಕೈ ತೋರಿಸಿದಳು.

ಮೂರನೆಯ ದಿನದಿಂದ ನನ್ನ ವೇಳಾಪಟ್ಟಿ ಬರೆದದ್ದು ಕಡಲೇ. ಲಕ್ಷ್ಮಣಪುರದ ಎರಡನೆಯ ತೀರದಲ್ಲಿ ಅಲೆಗಳು ಕೊರೆದ ಕಲ್ಲಿನ ಸೇತುವೆಯಿದೆ. ನೀರು ಇಳಿದಾಗ ಮಾತ್ರ ಅಲ್ಲಿಗೆ ನಡೆಯಬಹುದು. ಇಳಿತದ ಹೊತ್ತು ದಿನವೊಂದಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಆದ್ದರಿಂದ ನಿನ್ನೆಯ ಅಭ್ಯಾಸ ಇಂದು ನಡೆಯದು. ಬಂಡೆಗಳ ನಡುವೆ ಉಳಿದ ನೀರಿನಲ್ಲಿ ಹೆಬ್ಬೆರಳಿನಷ್ಟು ಮೀನು, ಏಡಿ, ಕರಿಯ ಸೌತೆಯಂಥ ಜೀವಿಗಳು. ಗಂಟೆಗಟ್ಟಲೆ ಬಗ್ಗಿ ನೋಡಿದೆ. ಮಂಡಿ ನೋವು ನೆನಪಾಗಲಿಲ್ಲ. ಭರತಪುರದ ತಿಳಿನೀರಿನಲ್ಲಿ ಮೊಣಕಾಲಿನವರೆಗೆ ಮಾತ್ರ ಇಳಿದೆ. ಕೊರಳ ಲಿಂಗವನ್ನು ಅಗಲಿ ಈಜುವ ಮನಸ್ಸಿರಲಿಲ್ಲ, ಈಜೂ ಬಾರದು. ಪೂಜೆಗೆ ಅಂಗೈಯೊಂದಿದ್ದರೆ ಸಾಲದೇ? ಸೂರ್ಯೋದಯಕ್ಕೆ ಮುಂಚೆ ಕೋಣೆಯ ಜಗಲಿಯಲ್ಲೇ ಅದು ಸಾಂಗವಾಗಿ ನಡೆಯುತ್ತಿತ್ತು.

ಆರನೆಯ ಬೆಳಗು ಮಾತ್ರ ಹಾಗೆ ನಡೆಯಲಿಲ್ಲ. ಕಣ್ಣು ತೆರೆದಾಗ ಬಿಸಿಲು ಕಾಲಿನ ಮೇಲಿತ್ತು, ಗಂಟೆ ಏಳಾಗಿತ್ತು. ಅತ್ತೆಯವರನ್ನು ಮರೆತೆನೆಂದು ಗಾಬರಿಯಾಗಿ ಎದ್ದು ಕುಳಿತೆ. ಬಳಿಕ ಬಹಳ ಹೊತ್ತು ಅತ್ತೆ. ಅವರು ಹೋದಾಗ, ಬಂದವರಿಗೆ ಊಟೋಪಚಾರದ ಗಡಿಬಿಡಿಯಲ್ಲಿ ನನಗೆ ಅಳಲು ಬಿಡುವಾಗಿರಲಿಲ್ಲ.

ಹೋಗಬಯಸುವ ಅಕ್ಕತಂಗಿಯರಿಗೆ ಎರಡು ಮಾತು. ಹಡಗಿನ ಟಿಕೆಟ್ಟನ್ನೂ ವಸತಿಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಹವಾಮಾನ ಕೆಟ್ಟರೆ ಹಡಗು ನಿಲ್ಲುತ್ತದೆ. ಮರಳುವ ವಿಮಾನದ ಹಿಂದಿನ ದಿನವೇ ಪಟ್ಟಣ ಸೇರಿರಿ. ಕೈಯಲ್ಲಿ ನಗದಿರಲಿ. ಹವಳದ ಚೂರನ್ನೂ ಎತ್ತಿಕೊಳ್ಳಬೇಡಿ, ಅದು ಕಾನೂನಿಗೆ ವಿರುದ್ಧ. ಮೊಸಳೆಯ ಎಚ್ಚರಿಕೆಯ ಫಲಕವಿದ್ದಲ್ಲಿ ನೀರಿಗಿಳಿಯಬೇಡಿ.

ಊರಿಗೆ ಮರಳಿದ ಸಂಜೆ ಎದುರುಮನೆಯ ಹಿರಿಯರೊಬ್ಬರು ಬಂದು, ಅಲ್ಲಿ ಯಾವ ದೇವರೆಂದು ಕೇಳಿದರು. ದೇವಸ್ಥಾನ ನೋಡಲಿಲ್ಲವೆಂದೂ, ಸೀತಾಪುರ, ರಾಮನಗರ, ಭರತಪುರ, ಲಕ್ಷ್ಮಣಪುರವೆಂಬ ತೀರಗಳಿವೆಯೆಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ನನ್ನ ಮಗನಿಗೆ ಕೇಳಿಸದಂತೆ, ಒಟ್ಟು ಖರ್ಚೆಷ್ಟಾಯಿತೆಂದು ವಿಚಾರಿಸಿದರು.